ಅದತ್ತವಾದ ಹಾಡು

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದ ದಿನಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಜೈನ ಮನೆಗಳಲ್ಲಿ ಮಳೆಯ ಸದ್ದಿನೊಡನೆ ಭಕ್ತಿಗೀತೆಗಳ ದನಿಯೂ ಕೇಳಿಬರುತ್ತದೆ. ಮಲೆನಾಡಿನ ಮಳೆ ಆಗ ಇನ್ನೂ ಪೂರ್ತಿಯಾಗಿ ಹಿಂದೆಗೆದಿರುವುದಿಲ್ಲ. ಬಸದಿಯೊಂದು ಕಡೆ, ಮನೆಯೊಂದು ಕಡೆ; ನಡುವೆ ತೋಟ, ಗದ್ದೆ, ಹಳ್ಳ. ಸಿಂಹನಗದ್ದೆಯ ಬಸದಿಗೋ ಶೃಂಗೇರಿಯ ಪಾರ್ಶ್ವನಾಥ ಬಸದಿಗೋ ನಿತ್ಯವೂ ಹೋಗಿಬರಲಾರದ ವೃದ್ಧೆಯರು ಉಪವಾಸದ ನೀಳವಾದ ಮಧ್ಯಾಹ್ನವನ್ನು ಹಾಡು ಕೇಳುತ್ತ, ತಾವೂ ದನಿಗೂಡಿಸುತ್ತ ಕಳೆಯುವುದುಂಟು. ಹಿಂದೆ ಇದಕ್ಕೆ ಟೇಪ್ ರೆಕಾರ್ಡರ್ ಒದಗುತ್ತಿತ್ತು. ಈಗ ಮೊಬೈಲ್ ಒದಗುತ್ತದೆ.

ಇಂಥ ಮನೆಯೊಂದರಲ್ಲಿ ಪಂಚಾಣುವ್ರತಗಳನ್ನು ಗುರುಸಾಕ್ಷಿಯಾಗಿ ಸ್ವೀಕರಿಸಿದ ಶ್ರಾವಕಿಯೊಬ್ಬಳಿರುವಳೆಂದು ಕಲ್ಪಿಸಿಕೊಳ್ಳಬಹುದು. ಆಕೆ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಳು. ಸೂರ್ಯಾಸ್ತದ ಬಳಿಕ ಉಣ್ಣಳು. ಹಿಟ್ಟಿನ ಮರ್ಯಾದೆ ಮೀರಿತೆಂದರೆ ಮುಟ್ಟಳು. ಆಕೆಯ ಮೊಬೈಲಿನಲ್ಲಿ ನೂರಾರು ಹಾಡುಗಳಿವೆ. ಮೊಮ್ಮಗನು ಪೇಟೆಯ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡು ಬಂದವು ಕೆಲವು; ಬಂಧುಗಳು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದವು ಹಲವು. ಇವು ಯಾರ ವಸ್ತು, ಯಾರು ಯಾರಿಗೆ ಕೊಟ್ಟದ್ದು ಎಂಬ ಪ್ರಶ್ನೆ ಆಕೆಗೆ ಎಂದೂ ಎದುರಾಗಿಲ್ಲ. ನೀರನ್ನು ಸೋಸಬೇಕೆಂದು ಹೇಳಿಕೊಟ್ಟವರುಂಟು. ಹಾಡನ್ನೂ ಸೋಸಬೇಕಾದೀತೆಂದು ಯಾರೂ ಹೇಳಿಕೊಟ್ಟಿಲ್ಲ. ಆಕೆಯ ಅಚೌರ್ಯಾಣುವ್ರತಕ್ಕೆ ಇದರಿಂದ ದೋಷ ತಗಲುವುದೇ? ತಗಲುವುದಾದರೆ ಎಷ್ಟರಮಟ್ಟಿಗೆ? ಯಕಃಶ್ಚಿತ್ ಹಾಡಿನ ಮಾತು ಎಂದು ನಗುವವರು ಇರಬಹುದು. ಆದರೆ ವ್ರತಕ್ಕೆ ದೊಡ್ಡ ವಸ್ತು, ಚಿಕ್ಕ ವಸ್ತು ಎಂಬ ಭೇದವಿಲ್ಲವೆಂಬುದನ್ನು ಉಪವಾಸದ ದಿನ ಒಂದು ಅಗುಳಿಗಾಗಿ ಅಂಜುವ ಮನೆಗಳವರಿಗೆ ವಿವರಿಸಬೇಕಾಗಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸ್ತೇಯದ ಲಕ್ಷಣವನ್ನು ಹೇಳುವಾಗ ಕಳೆದುಕೊಂಡವನ ನಷ್ಟದ ಮಾತನ್ನೇ ಎತ್ತುವುದಿಲ್ಲ. ಕೊಡದಿರುವುದನ್ನು ತೆಗೆದುಕೊಳ್ಳುವುದು, ಅದೂ ಪ್ರಮತ್ತವಾದ ಮನಸ್ಸಿನಿಂದ ತೆಗೆದುಕೊಳ್ಳುವುದು, ಇಷ್ಟೇ ಅಲ್ಲಿಯ ಅಭಿಪ್ರಾಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗೃಹಸ್ಥನಿಗೆ ಹೊಂದುವಂತೆ ಬಿಡಿಸಿ, ಪರರು ಇಟ್ಟದ್ದು, ಬೀಳಿಸಿಕೊಂಡದ್ದು, ಮರೆತದ್ದು ಯಾವುದನ್ನೂ ತಾನು ತೆಗೆದುಕೊಳ್ಳಬಾರದು, ತೆಗೆದು ಇನ್ನೊಬ್ಬರಿಗೆ ಕೊಡಲೂ ಬಾರದು ಎಂದರು. ಮರೆತುಹೋದ ವಸ್ತುವಿನ ಒಡೆಯನಿಗೆ ಅದರ ನಷ್ಟದ ನೋವೇ ಇಲ್ಲದಿರಬಹುದು. ಆದರೂ ಅದು ಎತ್ತಿಕೊಂಡವನದಾಗದು. ತೋಟದ ಬೇಲಿಯಾಚೆ ಉದುರಿದ ಅಡಿಕೆಯನ್ನು ದಾರಿಹೋಕನು ಆರಿಸಿಕೊಂಡರೆ ತೋಟದವನು ಬಡವನಾಗುವುದಿಲ್ಲ. ಎಷ್ಟೋ ವೇಳೆ ಅವನಿಗೆ ಅದು ತಿಳಿಯುವುದೂ ಇಲ್ಲ. ಶ್ರಾವಕನು ಆರಿಸಿಕೊಳ್ಳುವುದಿಲ್ಲ, ಅಷ್ಟೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಾಡಿನ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವ ಸಮಾಧಾನವು ನಿಲ್ಲುವುದಿಲ್ಲ. ಪ್ರತಿ ಮಾಡಿಕೊಂಡರೆ ಮೂಲವು ಮೂಲದವನ ಬಳಿಯೇ ಉಳಿಯಿತಲ್ಲ, ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪಕ್ಕೇನು ಕೊರತೆ ಎಂಬುದು ಆ ಸಮಾಧಾನ. ಉಪಮೆ ಸೊಗಸಾಗಿದೆ. ಆದರೆ ದೀಪ ಹಚ್ಚಿಕೊಳ್ಳುವವನು ಸಹ ದೀಪದ ಮನೆಯವರನ್ನು ಕೇಳಿಯೇ ಹಚ್ಚಿಕೊಳ್ಳುತ್ತಾನೆ; ಕೇಳದೆ ಒಳನುಗ್ಗಿ ಬತ್ತಿ ತಾಗಿಸಿಕೊಂಡು ಹೋಗುವುದು ಮಲೆನಾಡಿನ ಯಾವ ಊರಿನ ಪದ್ಧತಿಯೂ ಅಲ್ಲ.

ಮೊದಲಿಗೆ ಹಳೆಯ ಧ್ವನಿಮುದ್ರಿಕೆಗಳನ್ನು ಕೊಳ್ಳುವ ವಿಚಾರ. ಇದು ಸುಲಭವಾದ ಭಾಗ. ಭಾರತದಲ್ಲಿ 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡುಗಾರಿಕೆಯೊಡನೆ ಗ್ರಾಮಫೋನ್ ಮುದ್ರಣ ಆರಂಭವಾಯಿತು. ಅರಗಿನಿಂದ ಮಾಡಿದ ಆ ತಟ್ಟೆಗಳ ಒಂದೊಂದು ಮುಖಕ್ಕೆ ಸುಮಾರು ಮೂರು ನಿಮಿಷಗಳ ಹಾಡು. ಮನೆಯಲ್ಲಿ ಅದರ ಪ್ರತಿ ಮಾಡಿಕೊಳ್ಳುವ ಉಪಾಯವೇ ಸಾಮಾನ್ಯರಿಗೆ ಇರಲಿಲ್ಲ. ಒಬ್ಬನು ಕೊಂಡ ತಟ್ಟೆಯನ್ನು ಇನ್ನೊಬ್ಬನಿಗೆ ಮಾರಿದರೆ ಮಾರಿದವನ ಮನೆಯಲ್ಲಿ ಆ ಹಾಡು ನಿಂತುಹೋಗುತ್ತಿತ್ತು. ಕೊಟ್ಟವನು ಕಳೆದುಕೊಂಡ, ಕೊಂಡವನು ಪಡೆದ. ಮೊದಲು ಮುದ್ರಿಸಿದವನಿಗೆ ಸಲ್ಲಬೇಕಾದ ಬೆಲೆ ಮೊದಲೇ ಸಂದಿತ್ತು. ಆದಕಾರಣ ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ತಟ್ಟೆಯನ್ನು ಹಣ ಕೊಟ್ಟು ತಂದ ಶ್ರಾವಕನಲ್ಲಿ ಅದತ್ತದ ದೋಷವನ್ನು ಹುಡುಕುವುದು ವ್ಯರ್ಥ. ಹೊಸದನ್ನು ಕೊಳ್ಳದೆ ಹಳೆಯದನ್ನು ಕೊಂಡನು, ಗಾಯಕನಿಗೆ ಇದರಿಂದ ಬಿಡಿಗಾಸೂ ಹೋಗಲಿಲ್ಲ ಎಂಬ ಆಕ್ಷೇಪವನ್ನು ಕೆಲವರು ತರುತ್ತಾರೆ. ಹಾಗೆಂದರೆ ಹಳೆಯ ಪಾತ್ರೆಯನ್ನು ಕೊಂಡವನು ಕಂಚುಗಾರನಿಗೆ ದ್ರೋಹ ಮಾಡಿದನೆಂದೂ ಹೇಳಬೇಕಾದೀತು.

ವಿಚಿತ್ರವೆಂದರೆ ಈ ಸುಲಭವಾದ ಭಾಗದಲ್ಲಿಯೇ ರಾಜಶಾಸನವು ಕೆಲವು ಕಾಲ ಬೇರೆ ದಾರಿ ಹಿಡಿದಿತ್ತು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಲ್ಲಿ, ಧ್ವನಿಮುದ್ರಿಕೆಯ ಪ್ರತಿಯೊಂದು ಹಿಂದೆ ಮಾರಾಟವಾಗಿದ್ದರೂ ಅದನ್ನು ಮಾರುವ ಹಕ್ಕು ಸ್ವಾಮ್ಯ ಹೊಂದಿದವನದೇ ಎಂಬ ಅರ್ಥದ ಮಾತು ಸೇರಿತು. ಪುಸ್ತಕಕ್ಕೆ ಹೀಗಿರಲಿಲ್ಲ, ಒಮ್ಮೆ ಮಾರಾಟವಾಗಿ ಬಳಕೆಗೆ ಬಂದ ಪ್ರತಿಯನ್ನು ಯಾರು ಬೇಕಾದರೂ ಮಾರಬಹುದಾಗಿತ್ತು. ಅಕ್ಷರವನ್ನು ಹಿಡಿದು ಓದಿದರೆ ಹಳೆಯ ಪುಸ್ತಕ ಮಾರುವವನು ನಿರ್ದೋಷಿ, ಪಕ್ಕದಲ್ಲಿ ಕುಳಿತು ಹಳೆಯ ರೆಕಾರ್ಡು ಮಾರುವವನು ದೋಷಿ! 2012ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಶಾಸನವನ್ನು ಶ್ರಾವಕನು ಗೌರವಿಸಬೇಕು. ವಿರುದ್ಧರಾಜ್ಯಾತಿಕ್ರಮವೆಂಬುದನ್ನು ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿಯೇ ಎಣಿಸಿದ್ದಾರೆ. ಆದರೆ ಶಾಸನವು ಬದಲಾಗುವಂಥದ್ದು. ಕೊಟ್ಟದ್ದೋ ಕೊಡದ್ದೋ ಎಂಬ ಪ್ರಶ್ನೆ ಅದರೊಡನೆ ಬದಲಾಗುವುದಿಲ್ಲ.

ಹಳೆಯದನ್ನು ಮಾರುವವನ ಕಡೆಗೆ ಮಾತ್ರ ಒಂದು ಎಚ್ಚರ ಬೇಕು. ತನ್ನ ಕ್ಯಾಸೆಟ್ಟನ್ನೋ ಸಿ.ಡಿ.ಯನ್ನೋ ಮೊದಲು ಇನ್ನೊಂದಕ್ಕೆ ಇಳಿಸಿಕೊಂಡು, ಬಳಿಕ ಮೂಲವನ್ನು ಮಾರಿದವನು ಕೊಟ್ಟನೇ, ಇಟ್ಟುಕೊಂಡನೇ? ಆತ ಎರಡನ್ನೂ ಮಾಡಿದನು. ಒಂದು ಹಸುವನ್ನು ಮಾರಿ ಹಾಲನ್ನು ಮಾತ್ರ ತನ್ನ ಮನೆಗೇ ಕರೆದುಕೊಂಡಂತೆ. ಹಳೆಯ ವಸ್ತುವಿನ ವ್ಯಾಪಾರವು ಶುದ್ಧವಾಗಿರುವುದು ಮಾರಿದವನು ನಿಜಕ್ಕೂ ಬಿಟ್ಟುಕೊಟ್ಟಾಗ.

ಪ್ರಶ್ನೆಯು ಜಟಿಲವಾದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಸಂಸ್ಥೆಯವರು 1963ರಲ್ಲಿ ಹೊರತಂದ ಈ ಚಿಕ್ಕ ಪೆಟ್ಟಿಗೆ 1970ರ ದಶಕದ ಕೊನೆಗೆ ನಮ್ಮ ನಾಡಿನಲ್ಲಿ ಹಬ್ಬತೊಡಗಿತು. ಕವಿ ಕೆ. ಎಸ್. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ವು 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯಾಗಿ ಬಂದಿತು. ಹಾಡುವ ಪೆಟ್ಟಿಗೆಯೇ ಹಾಡನ್ನು ತುಂಬಿಕೊಳ್ಳುವ ಪೆಟ್ಟಿಗೆಯೂ ಆಗಿದ್ದುದು ಕ್ಯಾಸೆಟ್ಟಿನ ವಿಶೇಷ. ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಒಪ್ಪಿಸಿದರೆ ಸಂಜೆಗೆ ತುಂಬಿಸಿ ಕೊಡುವ ಅಂಗಡಿಗಳು ಪೇಟೆಪೇಟೆಗಳಲ್ಲಿ ಹುಟ್ಟಿದವು. ಮುಂದೆ ಸಿ.ಡಿ. ಬಂದಾಗಲೂ, ಮೊಬೈಲಿಗೆ ಮೆಮೊರಿ ಕಾರ್ಡ್ ಬಂದಾಗಲೂ ಅಂಗಡಿಯ ಹೆಸರು ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ. ಕಾಯಿದೆಯೂ ಬಿಗಿಯಾಗುತ್ತ ಬಂತು. 1984ರ ತಿದ್ದುಪಡಿಯು ಇಂಥ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸವನ್ನೂ ಎರಡು ಲಕ್ಷ ರೂಪಾಯಿಯವರೆಗೆ ದಂಡವನ್ನೂ ಇರಿಸಿತು. ಕರ್ನಾಟಕವು ತನ್ನ 1985ರ ಗೂಂಡಾ ಕಾಯಿದೆಗೆ 2014ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿತು.

ಇಲ್ಲಿ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳನ್ನು ನೆನೆದರೆ, ಸಾವಿರದೈನೂರು ವರ್ಷಗಳಿಗೂ ಹಿಂದೆ ಇವನ್ನು ಬರೆದವರು ಈ ಅಂಗಡಿಯನ್ನು ಕಂಡಿದ್ದರೋ ಎಂಬ ಭ್ರಮೆ ಹುಟ್ಟುತ್ತದೆ. ತಾನು ಕದಿಯದೆ ಇನ್ನೊಬ್ಬನನ್ನು ಕಳವಿಗೆ ಪ್ರೇರಿಸುವುದು ಸ್ತೇನಪ್ರಯೋಗ. ಪಟ್ಟಿ ಬರೆದು ಅಂಗಡಿಯವನ ಕೈಗೆ ಕೊಟ್ಟವನು ಮಾಡಿದ್ದು ಇದನ್ನೇ. ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದು ತದಾಹೃತಾದಾನ. ಜಾತ್ರೆಯಲ್ಲಿ ಕಾಲುಭಾಗದ ಬೆಲೆಗೆ ಸಿಕ್ಕಿತೆಂದು ನಕಲು ಕ್ಯಾಸೆಟ್ಟನ್ನು ತಂದವನಿಗೆ ಇದು ಅನ್ವಯಿಸುತ್ತದೆ. ಅಸಲಿನಂತೆ ತೋರುವ ನಕಲನ್ನು ಅಸಲೆಂದು ಸಾಗಿಸುವುದು ಪ್ರತಿರೂಪಕವ್ಯವಹಾರ. ಹೀನಾಧಿಕಮಾನೋನ್ಮಾನವೆಂಬ ತೂಕ ಅಳತೆಯ ವಂಚನೆಯೊಂದು ಮಾತ್ರ ಹಾಡಿನ ವ್ಯಾಪಾರಕ್ಕೆ ಹತ್ತಿರವಾಗಿ ಕಾಣುವುದಿಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಲ್ಲಿ ಕರ್ಮಾಸ್ರವವು ನಡೆಯುವುದೆಂದು ತಿಳಿದವರಿಗೆ, ಮೊಮ್ಮಗನು ಹಾಕಿಸಿಕೊಂಡು ಬಂದದ್ದು ತನಗೆ ಸಂಬಂಧಿಸದೆಂಬ ಉತ್ತರವೂ ಉಳಿಯುವುದಿಲ್ಲ. ಆದರೆ ಅರಿಯದೆ ಕೇಳಿದವಳ ದೋಷವೂ ಅರಿತು ಮಾರಿದವನ ದೋಷವೂ ಸಮವೆಂದು ಯಾವ ಆಚಾರ್ಯರೂ ಹೇಳಲಾರರು. ಪ್ರಮತ್ತಯೋಗವೆಂಬ ಮಾತಿನ ಬೆಲೆ ಇರುವುದು ಅಲ್ಲಿಯೇ. ಪ್ರಶ್ನೆಯು ಕಿವಿಗೆ ಬಿದ್ದ ಮೇಲೆ ಮಾತ್ರ ಅರಿಯದವಳೆಂಬ ಆಶ್ರಯವು ಆಕೆಗೆ ಇರುವುದಿಲ್ಲ.

ಕೊಂಡರೂ ಹಣವು ಹಾಡಿದವರಿಗೆ ತಲುಪುವುದಿಲ್ಲ, ಕಂಪನಿಯವರೇ ನುಂಗುತ್ತಾರೆ ಎಂಬ ಮಾತಿದೆ. ಇದು ಪೂರ್ತಿ ಸುಳ್ಳಲ್ಲ. ಹಾಡು ಬರೆದವರೂ ರಾಗ ಕಟ್ಟಿದವರೂ ತಮ್ಮ ಹಕ್ಕನ್ನು ಒಮ್ಮೆಲೇ ಬರೆದುಕೊಟ್ಟು ಮುಂದಿನ ಗಳಿಕೆಯಲ್ಲಿ ಪಾಲಿಲ್ಲದೆ ಉಳಿದ ಪ್ರಸಂಗಗಳು ಅನೇಕ. ಅವರ ಪಾಲನ್ನು ಕಾಯಲೆಂದೇ 2012ರ ತಿದ್ದುಪಡಿ ಬರಬೇಕಾಯಿತು. ಆದರೆ ಗದ್ದೆಯ ಒಡೆಯನು ಆಳಿಗೆ ಕೂಲಿ ಕೊಟ್ಟಿಲ್ಲವೆಂದು ನೆರೆಯವನು ಹೋಗಿ ಭತ್ತ ಕೊಯ್ದುಕೊಂಡರೆ ಆಳಿಗೆ ಬಂದ ಭಾಗ್ಯವೇನು? ಒಂದು ಹಾಡಿನಲ್ಲಿ ಎಷ್ಟು ಜನರ ಶ್ರಮ ಅಡಗಿದೆ ಎಂಬುದನ್ನು ಅರಿಯಲು ‘ನಿತ್ಯೋತ್ಸವ’ದ ಲೆಕ್ಕವನ್ನೇ ನೋಡಬಹುದು. ಧ್ವನಿಮುದ್ರಣದ ಸ್ವಾಮ್ಯವು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಎಂದರೆ 2038ರ ಕೊನೆಯವರೆಗೆ; 1995ರಲ್ಲಿ ತೀರಿಕೊಂಡ ಅನಂತಸ್ವಾಮಿಯವರ ರಾಗದ ಮೇಲಿನ ಸ್ವಾಮ್ಯ 2055ರ ಕೊನೆಯವರೆಗೆ; 2020ರಲ್ಲಿ ತೀರಿಕೊಂಡ ನಿಸಾರ್ ಅಹಮದರ ಪದ್ಯಗಳದು 2080ರ ಕೊನೆಯವರೆಗೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿ 1994ರಲ್ಲಿ ಅಗಲಿದ ಕುವೆಂಪು ಅವರ ಗೀತೆಗಳು ಈ ಪ್ರಾಂತದವರಿಗೆ ಮನೆಯ ಮಾತಿನಂತಿವೆ. ಅವುಗಳ ಸ್ವಾಮ್ಯ ಕೂಡ 2054ರ ಕೊನೆಯವರೆಗೆ ಇರುವುದು. ನಮ್ಮವರೇ ಬರೆದದ್ದು ಎಂಬ ಸಲಿಗೆಯು ಸ್ವಾಮ್ಯವನ್ನು ಕರಗಿಸಲಾರದು.

ಈಗ ಇದಕ್ಕಿಂತ ಬಲವಾದ ಆಕ್ಷೇಪ. ಅದು ಹೊರಗಿನಿಂದ ಬಂದದ್ದಲ್ಲ, ಜೈನರ ಸ್ವಂತ ಪರಂಪರೆಯಿಂದಲೇ ಎದ್ದದ್ದು. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರದಾನವನ್ನು ಚತುರ್ವಿಧ ದಾನದಲ್ಲಿ ಎಣಿಸಿದ ಧರ್ಮವಿದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಹೆಮ್ಮೆಯಿಂದ ಸ್ಮರಿಸದ ಕನ್ನಡ ಜೈನನಿಲ್ಲ. ಪ್ರತಿ ಮಾಡಿ ಹಂಚಿದ್ದು ಆಕೆಗೆ ಪುಣ್ಯವಾದರೆ, ಜಿನಭಕ್ತಿಗೀತೆಯ ಪ್ರತಿಯನ್ನು ಉಪವಾಸ ಹಿಡಿದ ನೂರು ಜನರಿಗೆ ಕಳುಹಿಸುವುದು ಪಾಪ ಹೇಗಾದೀತು?

ಈ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಅತ್ತಿಮಬ್ಬೆ ಮಾಡಿದ್ದೇನೆಂಬುದನ್ನು ನಿಧಾನವಾಗಿ ನೋಡಬೇಕು. ಶಾಂತಿಪುರಾಣವು ಹುಟ್ಟಿದ್ದು ವೆಂಗಿನಾಡಿನ ಮಲ್ಲಪ, ಪುನ್ನಮಯ್ಯರೆಂಬ ಸಹೋದರರ ಪ್ರೇರಣೆಯಿಂದ, ಅವರ ಗುರು ಜಿನಚಂದ್ರದೇವರ ನೆನಪಿಗಾಗಿ. ಆ ಮಲ್ಲಪನೇ ಅತ್ತಿಮಬ್ಬೆಯ ತಂದೆ. ಕಾವ್ಯವನ್ನು ಬರೆಯಿಸಿದ ಮನೆಯ ಮಗಳು ಅದನ್ನು ಹಂಚಿದಳು. ಕವಿಯು ಕೊಡದೆ ಬಚ್ಚಿಟ್ಟದ್ದನ್ನು ಆಕೆ ಕಸಿದುಕೊಳ್ಳಲಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಸಾವಿರ ಪ್ರತಿಯೆಂದರೆ ಸಾವಿರ ಕಟ್ಟು ಓಲೆ; ಅವನ್ನು ಕೊಯ್ದು ಹದಗೊಳಿಸುವವರು, ಕಂಠದಿಂದ ಕೊರೆಯುವ ಲಿಪಿಕಾರರು, ಅವರೆಲ್ಲರ ಊಟ, ಸಂಬಳ. ಅದೆಲ್ಲವನ್ನೂ ಆಕೆ ತನ್ನ ಬೊಕ್ಕಸದಿಂದ ತೆತ್ತಳು. ದಾನವೆಂದರೆ ತನ್ನದನ್ನು ಬಿಟ್ಟುಕೊಡುವುದು. ಬೆರಳೊತ್ತಿ ಹಾಡನ್ನು ನೂರು ಮಂದಿಗೆ ಸಾಗಿಸಿದವನು ತನ್ನದೇನನ್ನೂ ಬಿಡಲಿಲ್ಲ. ಬಿಟ್ಟದ್ದು ಮತ್ತೊಬ್ಬರ ಪಾಲು, ಅದೂ ಅವರನ್ನು ಕೇಳದೆ. ಅದೇ ನೂರು ಜನರಿಗೆ ಕ್ಯಾಸೆಟ್ಟನ್ನು ಕೊಂಡು ಹಂಚಿದ್ದರೆ, ಇಲ್ಲವೇ ಹಾಡಿದವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿ ಎಲ್ಲರೂ ಕೇಳಲೆಂದು ಬಿಡುಗಡೆ ಮಾಡಿಸಿದ್ದರೆ, ಅವನು ಅತ್ತಿಮಬ್ಬೆಯ ಹೆಸರನ್ನು ಧೈರ್ಯವಾಗಿ ಎತ್ತಬಹುದಿತ್ತು.

ಆದರೆ ಅತ್ತಿಮಬ್ಬೆಯ ಉದಾಹರಣೆ ಪರಿಹಾರವಾದರೂ ಧವಲಾದ ಉದಾಹರಣೆ ಪರಿಹಾರವಾಗುವುದಿಲ್ಲ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರ್ಣಗೊಳಿಸಿದ, ಷಟ್ಖಂಡಾಗಮದ ಆ ಮಹಾಟೀಕೆಯು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಭದ್ರವಾಗಿತ್ತು. ಯಾತ್ರಿಕರಿಗೆ ಅದರ ದರ್ಶನವಿತ್ತು, ಅಧ್ಯಯನವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದ, ಮುಂಬಯಿಯ ಸೇಠ್ ಮಾಣಿಕಚಂದರ ಪ್ರಯತ್ನದಿಂದ ಮೂಡುಬಿದಿರೆಯಲ್ಲಿಯೇ ಪ್ರತಿ ಮಾಡಿಸುವ ಕಾರ್ಯ ಆರಂಭವಾಯಿತು. ಆ ಪ್ರತಿಯು ಅಲ್ಲಿಯೇ ಇರತಕ್ಕದ್ದಾಗಿತ್ತು. ಬರೆಯಲು ನಿಯಮಿತರಾದವರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು, ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಗುಟ್ಟಾಗಿ ಬರೆದುಕೊಂಡರು. ಅದನ್ನು ಸೊಲ್ಲಾಪುರಕ್ಕೆ ಒಯ್ದಾಗ ಹೀರಾಚಂದರು ಸ್ವೀಕರಿಸಲು ಒಪ್ಪಲಿಲ್ಲ. ಕೊನೆಗೆ ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಬಳಿ ಸೇರಿತು. ಅಲ್ಲಿ ನಾಗರಿ ಲಿಪಿಗೆ ಇಳಿಸಲು ಬಂದ ಸೀತಾರಾಮ ಶಾಸ್ತ್ರಿಗಳೂ ತಮಗಾಗಿ ಒಂದು ಪ್ರತಿಯನ್ನು ಗುಟ್ಟಾಗಿ ಇರಿಸಿಕೊಂಡರು. ಆ ಪ್ರತಿಯಿಂದ ಮತ್ತಷ್ಟು ಪ್ರತಿಗಳು ಬೇರೆ ಬೇರೆ ಊರುಗಳಿಗೆ ಹರಡಿದವು. ಇಂಥ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವನ್ನು ಪ್ರಕಟಿಸಿದರು. ಬಳಿಕ ಮೂಡುಬಿದಿರೆಯವರು ತಾವಾಗಿ ಮೂಲದ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಸಮ್ಮತಿಸಿದರು. ಹದಿನಾರು ಸಂಪುಟಗಳು 1958ರ ಹೊತ್ತಿಗೆ ಮುಗಿದವು.

ಇಂದು ಯಾವ ಬಸದಿಯಲ್ಲಿ ಧವಲಾದ ಸಂಪುಟ ಇದ್ದರೂ, ಶ್ರುತಪಂಚಮಿಯ ದಿನ ಅದರ ಮುಂದೆ ದೀಪ ಬೆಳಗಿದರೂ, ಆ ಸಂಪುಟದ ಹಿಂದೆ ಎರಡು ಗುಪ್ತ ಪ್ರತಿಗಳಿವೆ. ದಿಗಂಬರ ಸಮಾಜವು ತನ್ನ ಅತ್ಯಂತ ಪವಿತ್ರವಾದ ಗ್ರಂಥವನ್ನು ಪಡೆದದ್ದು, ಕಟುವಾಗಿ ಹೇಳುವುದಾದರೆ, ಅನುಮತಿಯಿಲ್ಲದ ಪ್ರತಿಯ ದಾರಿಯಲ್ಲಿ. ಇದನ್ನು ಬಲ್ಲ ತರುಣನೊಬ್ಬನು ಹಾಡಿನ ನಕಲನ್ನು ತಡೆಯಬಂದ ಹಿರಿಯರನ್ನು ತಡೆದು ಕೇಳಿದರೆ ಹಿರಿಯರು ಉತ್ತರಿಸಬೇಕಾಗುತ್ತದೆ.

ಉತ್ತರದ ಮೊದಲ ಭಾಗ ಇದು: ಮೂಡುಬಿದಿರೆಯವರು ಆ ಗ್ರಂಥಕ್ಕೆ ಕಾವಲುಗಾರರಾಗಿದ್ದರು, ಕರ್ತೃಗಳಾಗಿರಲಿಲ್ಲ. ವೀರಸೇನಾಚಾರ್ಯರು ಅದನ್ನು ಬರೆದದ್ದು ಸಕಲ ಭವ್ಯಜೀವಿಗಳಿಗಾಗಿ. ಕೊಡಬೇಕಾದವರು ಎಂದೋ ಕೊಟ್ಟುಬಿಟ್ಟಿದ್ದರು. ಆದುದರಿಂದ ಗ್ರಂಥದ ಮಟ್ಟಿಗೆ ಅದತ್ತಾದಾನವೆನ್ನುವುದು ಕಷ್ಟ. ಹಾಡಿನ ಸಂಗತಿ ಹಾಗಲ್ಲ. ಅಲ್ಲಿ ಸ್ವಾಮ್ಯ ಕೇಳುವವನು ಹಾಡನ್ನು ಹುಟ್ಟಿಸಿದವನೇ, ಇಲ್ಲವೇ ಅವನಿಂದ ಪಡೆದವನು; ಅದರಿಂದ ಅವನ ಮನೆಯ ಒಲೆ ಉರಿಯಬೇಕಾಗಿದೆ. ಉತ್ತರದ ಎರಡನೆಯ ಭಾಗ ಅಷ್ಟು ಹಿತವಾದುದಲ್ಲ. ಗ್ರಂಥವು ಎಲ್ಲರದೆಂದು ಒಪ್ಪಿದರೂ, ನಂಬಿ ಓಲೆಯನ್ನು ಕೈಗಿತ್ತವರ ನಂಬಿಕೆಯನ್ನು ಮುರಿದದ್ದು ಮುರಿದದ್ದೇ. ಅದು ಅಚೌರ್ಯಕ್ಕಿಂತ ಸತ್ಯವ್ರತಕ್ಕೆ ತಗಲಿದ ಗಾಯ. ಫಲವು ದೊಡ್ಡದಾಯಿತೆಂದು ಆ ಗಾಯವನ್ನು ಇಲ್ಲವೆನ್ನಲಾಗದು. ಗಾಯವಿದೆಯೆಂದು ಫಲವನ್ನು ತಿರಸ್ಕರಿಸಲೂ ಆಗದು. ತನ್ನ ಊರಿನ ಹಿರಿಯರು ಮಾಡಿಸುತ್ತಿದ್ದ ಕಾರ್ಯವು ಎಷ್ಟೇ ನಿಧಾನವಾಗಲಿ, ಗುಟ್ಟಿನ ಪ್ರತಿಯನ್ನು ಬೇಡವೆಂದ ಹೀರಾಚಂದರಿಗೆ ಗ್ರಂಥದ ಮೇಲಿದ್ದ ಹಂಬಲ ಕೊಂಡವರಿಗಿಂತ ಕಡಮೆಯದಾಗಿರಲಿಲ್ಲ. ಆ ಕಾರ್ಯಕ್ಕೆ ಮೊದಲು ಓಡಾಡಿದವರು ಅವರೇ. ಬೇಕಾದುದು ಬಾಗಿಲಿಗೆ ಬಂದು ನಿಂತಾಗ ಒಲ್ಲೆನೆಂದ ಅವರ ಸಂಗತಿಯನ್ನು ಧವಲಾದ ಕತೆ ಹೇಳುವವರು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ವಾಡಿಕೆ. ಉಪವಾಸದ ಅರ್ಥವನ್ನು ಬಲ್ಲವರು ಅಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬಹುದು.

ಹಾಗಾದರೆ ಕೇಳುವುದೆಲ್ಲವೂ ದೋಷವೇ, ಎಲ್ಲಕ್ಕೂ ಚೀಟಿ ಹಿಡಿದು ಅನುಮತಿ ಕೇಳಬೇಕೇ ಎಂದರೆ, ಇಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇಂಥದೇ ಒಂದು ಶಂಕೆಯನ್ನು ಎತ್ತಿಕೊಂಡಿದ್ದಾರೆ. ಕೊಡದುದನ್ನು ಮುಟ್ಟಬಾರದೆಂದರೆ ಊರಿನ ಬೀದಿಯಲ್ಲಿಯೂ ಹೆಬ್ಬಾಗಿಲಿನಲ್ಲಿಯೂ ನಡೆದುಹೋಗುವ ಮುನಿಗೆ ದೋಷ ಬಾರದೇ ಎಂಬುದು ಶಂಕೆ. ಬೀದಿಯೂ ಹೆಬ್ಬಾಗಿಲೂ ಎಲ್ಲರಿಗೂ ತೆರೆದಿರುವುದರಿಂದ ದೋಷವಿಲ್ಲ, ಮುನಿಯು ಮುಚ್ಚಿದ ಬಾಗಿಲನ್ನು ತೆರೆದು ಪ್ರವೇಶಿಸುವುದಿಲ್ಲ ಎಂಬುದು ಅವರ ಸಮಾಧಾನ. ಹಾಡಿನ ಲೋಕದಲ್ಲಿಯೂ ಬೀದಿಗಳಿವೆ, ಮುಚ್ಚಿದ ಬಾಗಿಲುಗಳಿವೆ. ರತ್ನಾಕರವರ್ಣಿಯ ಭರತೇಶ ವೈಭವದ ಸಾಂಗತ್ಯಗಳು ತೆರೆದ ಬೀದಿ. ಅವನ್ನು ಯಾವ ಮನೆಯ ಹೆಂಗಸಾದರೂ ತನ್ನ ಧಾಟಿಯಲ್ಲಿ ಹಾಡಬಹುದು, ಹಾಡಿದ್ದನ್ನು ಮುದ್ರಿಸಿ ಹಂಚಬಹುದು. ಅದೇ ಸಾಂಗತ್ಯವನ್ನು ಒಬ್ಬ ಗಾಯಕಿಯು ವಾದ್ಯಗಳೊಡನೆ ಹಾಡಿ ಮಾರಾಟಕ್ಕಿಟ್ಟಿದ್ದರೆ ಆ ಮುದ್ರಿಕೆಯು ಬೀದಿಯ ಪಕ್ಕದ ಮನೆ. ಭದ್ರಾವತಿ ಆಕಾಶವಾಣಿಯವರು ಬಿತ್ತರಿಸಿದ ಭಕ್ತಿಗೀತೆಯನ್ನು ಕೇಳಿದವರೆಲ್ಲರಿಗೂ ಅದು ಕೊಟ್ಟದ್ದೇ ಆಗಿತ್ತು. ಹಕ್ಕುದಾರರೇ ಅಂತರ್ಜಾಲದಲ್ಲಿ ಎಲ್ಲರೂ ಕೇಳಲೆಂದು ಇರಿಸಿದ ಹಾಡನ್ನು ಅಲ್ಲಿಯೇ ಕೇಳುವುದೂ ಹಾಗೆಯೇ. ತನ್ನ ಸ್ವಂತದ ಉಪಯೋಗಕ್ಕೆ ನ್ಯಾಯವಾದ ಮಿತಿಯಲ್ಲಿ ಬಳಸುವುದನ್ನು ಕಾಯಿದೆಯೂ ತಡೆಯುವುದಿಲ್ಲ. ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಧ್ವನಿಮುದ್ರಿಕೆಯನ್ನು ನುಡಿಸುವುದಕ್ಕೆ, ಮದುವೆಯ ಮೆರವಣಿಗೆಗೆ ಕೂಡ, ಅದರಲ್ಲಿ ವಿನಾಯಿತಿ ಇದೆ. ಬಸದಿಯ ಪೂಜೆಯಲ್ಲಿ ಕೊಂಡು ತಂದ ಮುದ್ರಿಕೆಯನ್ನು ಹಾಕಿದ್ದಕ್ಕೆ ಯಾರೂ ಅಂಜಬೇಕಾಗಿಲ್ಲ. ನುಡಿಸಲು ಇರುವ ಈ ವಿನಾಯಿತಿಯು ನಕಲನ್ನು ತಂದು ನುಡಿಸಲು ಇರುವುದೆಂದು ತಿಳಿಯುವವರು ಮಾತ್ರ ಹೆಚ್ಚು.

ಬಾಯಿಂದ ಬಾಯಿಗೆ ಕಲಿಯುವ ಹಾಡಿನ ವಿಷಯದಲ್ಲಿ ಯಾವ ಸಂಶಯವೂ ಬೇಡ. ಅತ್ತೆ ಹಾಡಿದ್ದನ್ನು ಸೊಸೆ ಕಲಿತು ಆರತಿಯಲ್ಲಿ ಹಾಡುವಾಗ ಕಲಿಸಿದವಳು ಕೊಟ್ಟಿದ್ದಾಳೆ, ಕಲಿತವಳು ತನ್ನ ಉಸಿರನ್ನು ತೆತ್ತಿದ್ದಾಳೆ. ಈ ಮೂರು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಇಂಥ ಹಾಡುಗಳು ಎಷ್ಟಿದ್ದವೋ! ಮೆಮೊರಿ ಕಾರ್ಡಿನ ಸಾವಿರ ಹಾಡು ಬಂದ ಮೇಲೆ ಕಲಿಯುವ ಸೊಸೆಯರು ಕಡಮೆಯಾದರೆಂಬುದು ಬೇರೆಯೇ ದುಃಖ. ಸಮಂತಭದ್ರರು ಒಮ್ಮೆ ಬಳಸಿ ಮುಗಿಯುವುದನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ವಿಭಾಗಿಸಿದರು. ಅವರ ಲೆಕ್ಕದಲ್ಲಿ ಹಾಡು ಉಪಭೋಗದ ವಸ್ತು. ಭೋಗೋಪಭೋಗ ಪರಿಮಾಣವ್ರತದಲ್ಲಿ ಬಟ್ಟೆಗೆ, ಒಡವೆಗೆ ಮಿತಿಯಿಡುವವರು ಹಾಡಿಗೂ ಮಿತಿಯಿಡಬಹುದು. ಹತ್ತು ಹಾಡು ಸಾಕೆಂದವಳಿಗೆ ಹತ್ತನ್ನು ಕೊಳ್ಳುವುದು ಭಾರವಾಗದು. ಹಾಡು ಪುಕ್ಕಟೆಯೆಂಬುದರಿಂದಲೇ ಸಾವಿರವಾಯಿತು. ಸಾವಿರವಾದುದರಿಂದಲೇ ಕೊಳ್ಳುವುದು ಅಸಾಧ್ಯವೆನಿಸಿತು.

ಉಳಿದದ್ದು ಆ ಮನೆಯ ಕಪಾಟು. ಶ್ರಾವಕಿಯ ಮೊಬೈಲಿನ ಹಾಡುಗಳನ್ನು ಅಳಿಸಿಹಾಕುವುದು ಕಷ್ಟವಲ್ಲ. ಬಹುಪಾಲು ಇಂದಿಗೂ ಕ್ರಯಕ್ಕೆ ಸಿಗುತ್ತವೆ, ಇಲ್ಲವೇ ಹಕ್ಕುದಾರರು ತೆರೆದಿಟ್ಟಲ್ಲಿ ಕೇಳಸಿಗುತ್ತವೆ. ಆದರೆ ಕಪಾಟಿನಲ್ಲಿ, ಬೂಸಲು ಹಿಡಿಯದಂತೆ ಬಟ್ಟೆ ಸುತ್ತಿ ಇರಿಸಿದ ಒಂದು ಕ್ಯಾಸೆಟ್ಟಿದೆಯೆಂದು ಎಣಿಸಬಹುದು. ನಲವತ್ತು ವರ್ಷಗಳ ಹಿಂದೆ ಆಕೆಯ ಪತಿ ಯಾರಿಂದಲೋ ತುಂಬಿಸಿ ತಂದದ್ದು. ಪಂಚಪರಮೇಷ್ಠಿಗಳ ಮೇಲಿನ ಹಾಡುಗಳು. ಮುದ್ರಿಸಿದ ಸಂಸ್ಥೆ ಮುಚ್ಚಿಹೋಗಿದೆ. ಹಾಡಿದವರ ಹೆಸರು ಪೆಟ್ಟಿಗೆಯ ಮೇಲಿಲ್ಲ. ಎಲ್ಲಿ ವಿಚಾರಿಸಿದರೂ ಇನ್ನೊಂದು ಪ್ರತಿ ದೊರೆಯದು. ಸುರುಳಿ ಸವೆಯುತ್ತಿದೆ. ನೆರೆಮನೆಯಲ್ಲಿ ಹತ್ತು ದಿನಗಳ ಉಪವಾಸ ಹಿಡಿದವಳು ಅದರ ಪ್ರತಿಯನ್ನು ಕೇಳಿದ್ದಾಳೆ.

ಅಚೌರ್ಯದ ಐದು ಭಾವನೆಗಳಲ್ಲಿ ವಿಮೋಚಿತಾವಾಸವೆಂಬುದು ಒಂದು. ಒಡೆಯರು ಬಿಟ್ಟುಹೋದ ಮನೆಯಲ್ಲಿ ಮುನಿಯು ತಂಗಬಹುದು. ಅದರ ಮಗ್ಗುಲಿಗೇ ಪರೋಪರೋಧಾಕರಣವಿದೆ. ಅಲ್ಲಿಗೆ ಬರುವ ಇನ್ನೊಬ್ಬರನ್ನು ತಡೆಯಬಾರದು, ಮನೆಯನ್ನು ತನ್ನದೆನ್ನಬಾರದು. ಬಿಟ್ಟುಹೋದ ಮನೆಯೆಂದು ತಾನೇ ತೀರ್ಮಾನಿಸಿಕೊಳ್ಳುವುದು ಸುಲಭ. ಕಾಯಿದೆಯ ದೃಷ್ಟಿಯಲ್ಲಿ ಸಂಸ್ಥೆ ಮುಚ್ಚಿದ ಮಾತ್ರಕ್ಕೆ ಸ್ವಾಮ್ಯವು ಮುಗಿಯುವುದೂ ಇಲ್ಲ. ಆದುದರಿಂದ ಆಕೆ ಮೊದಲು ನಿಜವಾಗಿ ಹುಡುಕಬೇಕು. ಹುಡುಕಿದ ಬಳಿಕವೂ ಯಾರೂ ಸಿಗದಿದ್ದರೆ ಸವೆಯುವ ಸುರುಳಿಯನ್ನು ಉಳಿಸಿಕೊಳ್ಳಲು ತನಗಾಗಿ ಇಳಿಸಿಕೊಳ್ಳುವುದರಲ್ಲಿ ಲೋಭವು ಕಾಣುವುದಿಲ್ಲ. ಅದನ್ನು ಊರಿಗೆಲ್ಲ ಹರಡುವುದು ಬೇರೆ. ಹಣಕ್ಕೆ ಕೊಡುವುದಂತೂ ದೂರವೇ ಉಳಿಯಬೇಕು. ನಾಳೆ ಹಾಡಿದವರ ಮಗಳೋ ಮೊಮ್ಮಗನೋ ಬಂದು ಕೇಳಿದರೆ ಆ ಪ್ರತಿಯನ್ನು ಎರಡು ಕೈಯಿಂದ ಎತ್ತಿಕೊಡುವ ಸಿದ್ಧತೆ ಇರಬೇಕು.

ನೆರೆಮನೆಯವಳಿಗೆ ಪ್ರತಿ ಕೊಡದಿದ್ದರೆ ನಿಷ್ಠುರವಾದೀತೆಂದು ಆಕೆ ಅಳುಕಬಹುದು. ಕೊಡಬೇಕಾಗಿಲ್ಲ. ಆ ಹಾಡುಗಳು ನಲವತ್ತು ವರ್ಷಗಳಿಂದ ಆಕೆಗೆ ಕಂಠಸ್ಥವಾಗಿವೆ. ಉತ್ತಮ ಶೌಚದ ದಿನ ಮಧ್ಯಾಹ್ನ, ಮಳೆ ತುಸು ಬಿಟ್ಟಾಗ, ಹಳ್ಳ ದಾಟಿ ಆ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ಒಂದೊಂದಾಗಿ ಹಾಡಿ ಕಲಿಸಬಹುದು.